ಗುಳಿಯೊಳಗಿನ ಬಣ್ಣ

ಮದುವೆಯಾದ ಹೊಸತರಲ್ಲೇ ಅವಳು ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಳು. ತಿಳಿನೀಲಿ ಬಣ್ಣದ, ನಾಲ್ಕು ತಂತಿಯ ಬಾಸ್ ಗಿಟಾರ್. ತಾನು ಹುಟ್ಟುವ ಮೊದಲೇ ತಯಾರಾದದ್ದು, ಇಂಥದ್ದು ಇನ್ನು ತಲೆಕೆಳಗಾಗಿ ನಿಂತರೂ ಸಿಗುವುದಿಲ್ಲ ಎಂದು ಗಂಡ ಬಂದವರಿಗೆಲ್ಲ ಹೇಳುತ್ತಿದ್ದ. ಮಗಳಿಗೆ ಜ್ವರ ಕಾಯುತ್ತಿದ್ದ ಒಂದು ದಿನ ಅವನು ತಾಲೀಮಿಗೆ ಹೊರಟು ನಿಂತಾಗ ಅವಳು ಕೈಗೆ ಸಿಕ್ಕ ಕತ್ತರಿ ಎಸೆದಿದ್ದಳು. ಅದು ಬಾಸಿನ ಮೈಯಿಂದ ಚಾಚಿದ ಕೆಳಕೊಂಬಿಗೆ ತಗುಲಿ ಉಗುರಿನಷ್ಟು ಗುಳಿ ಬಿತ್ತು. ಅವನು ಬೈಯಲಿಲ್ಲ. “ಇರ್ಲಿ ಬಿಡು, ಇದು ನಿನ್ನ ಸಹಿ” ಅಂದ. ಆ ಒಂದು ಮಾತಿನ ಮೇಲೆ ಅವಳು ಎಷ್ಟೋ ವರ್ಷ ಸಂಸಾರ ಮಾಡಿದಳು.

ಹನ್ನೊಂದು ತಿಂಗಳ ಹಿಂದೆ ಲಕ್ವ ಹೊಡೆದು ಅವನ ಬಲಭಾಗ ಬಿದ್ದುಹೋಯಿತು, ಜೊತೆಗೆ ಮಾತೂ. ಎಡಗೈ ಮಾತ್ರ ಉಳಿಯಿತು. ಒಂದು ಸಂಜೆ ಬಾಸನ್ನು ಅವನ ತೊಡೆಯ ಮೇಲಿಟ್ಟಾಗ ಎಡಗೈ ತಾನಾಗಿ ತಂತಿ ಒತ್ತಿತು. ಅವಳು ಪಕ್ಕದಲ್ಲಿ ಕೂತು ಮೀಟಿದಳು. ಅವನು ಒತ್ತುವುದು, ಅವಳು ಮೀಟುವುದು. ಅಲ್ಲಿಂದ ಸವತಿಯಾಗಿದ್ದದ್ದೇ ಇಬ್ಬರ ನಡುವಿನ ನಾಲಿಗೆಯಾಯಿತು.

ಹೋದ ವಾರ ಅದರ ಸದ್ದು ನಿಂತಿತು.

ಟೈರಿನ ಅಂಗಡಿಯ ಮೇಲಿನ ಮಹಡಿಯಲ್ಲಿ ವಾದ್ಯ ರಿಪೇರಿಯವನ ಕೋಣೆ. ಗೋಡೆಯುದ್ದಕ್ಕೂ ಮೊಳೆಗೆ ಸಿಕ್ಕಿಸಿದ ಕಂದು ಕಾಗದಗಳು, ಅವನ ಅಪ್ಪನ ಕಾಲದಿಂದ ಬಂದ ವಾದ್ಯಗಳ ಅಳತೆಯ ನಕ್ಷೆಗಳು.

“ಮೆಲ್ಲಗೆ ಮುಟ್ಟು. ನನ್ನ ಸವತಿ ಅದು” ಅಂದಳು.

“ಸವತಿಗೆ ಇಷ್ಟು ಉಪಚಾರ ಮಾಡೋರನ್ನ ಇವತ್ತೇ ನೋಡಿದ್ದು ಅಕ್ಕ.”

ಕಿತ್ತುಹೋದ ಒಂದು ವೈರು ಬೆಸೆಯಲು ಹತ್ತು ನಿಮಿಷ ಹಿಡಿಯಿತು. ಆದರೆ ಮುಚ್ಚುವ ಮುನ್ನ ಅವನು ಟಾರ್ಚು ಹಿಡಿದು ಒಳಗೇ ನೋಡುತ್ತ ಕೂತ.

“ಯಾವ ಕಾಲದ್ದು ಅಂದ್ರಿ ಇದು?”

“ನಮ್ಮೋರು ಹುಟ್ಟೋಕೆ ಮುಂಚಿಂದು. ಯಾಕೆ?”

“ಆಗಿನ ಕಾರ್ಖಾನೆಯಲ್ಲಿ ಬಣ್ಣ ಒಣಗಿಸೋಕೆ ಮರಕ್ಕೆ ಸಣ್ಣ ಮೊಳೆ ಹೊಡೆದು, ಅದರ ಮೇಲೆ ನಿಲ್ಲಿಸ್ತಿದ್ರು. ಮೊಳೆ ಕಿತ್ತರೂ ತೂತು ಉಳೀತದೆ. ಈ ಪ್ಲಾಸ್ಟಿಕ್ ಹಲಗೆ ಕೆಳಗೆ ಇರ್ಬೇಕಿತ್ತು. ಸೂಜಿ ಮೊನೆಯಷ್ಟೂ ಇಲ್ಲ.”

“ಮುಚ್ಚಿಹೋಗಿರ್ಬಹುದು.”

ಅವನು ನಾಲ್ಕು ಸ್ಕ್ರೂ ಬಿಚ್ಚಿ ಕತ್ತನ್ನು ಮೈಯಿಂದ ಬೇರೆ ಮಾಡಿದ. ಕತ್ತಿನ ಬುಡದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ತಾರೀಕು ಇರಬೇಕಿತ್ತಂತೆ. ಬೋಳು ಮರ.

“ಅಸಲಿ ಅಲ್ಲ ಅಕ್ಕ ಇದು.”

ಅವಳಿಗೆ ನಗು ಬಂತು. ಬಾಸನ್ನು ತಿರುಗಿಸಿ ಗುಳಿಯ ಮೇಲೆ ಬೆರಳಿಟ್ಟಳು. “ಇದನ್ನ ನೋಡಪ್ಪ. ಕತ್ತರಿ ಎಸೆದವಳು ನಾನೇ. ಎಲ್ಲಿ ತಗುಲಿತು ಅಂತ ನನಗೇ ಗೊತ್ತಿಲ್ವಾ?”

ಅವನು ಭೂತಗನ್ನಡಿಯಲ್ಲಿ ನೋಡಿದ. ಆಮೇಲೆ ಅದನ್ನು ಅವಳ ಕೈಗೇ ಕೊಟ್ಟ.

“ಏಟು ಬಿದ್ರೆ ಬಣ್ಣ ಒಡೀಬೇಕು, ಅಂಚು ಚಕ್ಕೆ ಏಳ್ಬೇಕು. ಇಲ್ಲಿ ಬಣ್ಣ ಗುಳಿ ಒಳಗೆ ನುಣ್ಣಗೆ ಇಳಿದಿದೆ. ಗುಳಿ ಮೊದ್ಲು, ಬಣ್ಣ ಆಮೇಲೆ. ಯಾವುದನ್ನೋ ನೋಡಿಕೊಂಡು ಮಾಡಿದ್ದು.” ಅವನ ದನಿ ತಗ್ಗಿತು. “ಹೀಗೆ ಮಾಡ್ತಿದ್ದದ್ದು ನಮ್ಮಪ್ಪ. ಬಣ್ಣ ಹೊಡೆದ ಮೇಲೆ ಉಳಿ ಇಡೋಕೆ ಅವ್ರಿಗೆ ಕೈ ಬರ್ತಿರಲಿಲ್ಲ.”

ಗೋಡೆಯ ಕಾಗದಗಳನ್ನು ಒಂದೊಂದಾಗಿ ಸರಿಸಿ ಅವನು ಒಂದನ್ನು ಇಳಿಸಿದ. ಬಾಸಿನ ಆಕಾರ, ಕೆಳಕೊಂಬಿನಲ್ಲಿ ಉಗುರಿನಷ್ಟು ವೃತ್ತ. ಪಕ್ಕದಲ್ಲಿ ಅವಳ ಗಂಡನ ಕೈಬರಹ: ‘ಈ ಗುಳಿ ಮರೆಯಬೇಡಿ. ಮನೆಯವಳ ಕಣ್ಣು ಸೂಕ್ಷ್ಮ.’ ಕೆಳಗೆ ಹತ್ತೊಂಬತ್ತು ವರ್ಷದ ಹಿಂದಿನ ತಾರೀಕು. ಆಗ ಅವಳು ತವರಿನಲ್ಲಿ, ಸಾಯುತ್ತಿದ್ದ ಅಮ್ಮನ ಹಾಸಿಗೆಯ ಬಳಿ ಇದ್ದಳು, ಎರಡು ತಿಂಗಳು. ‘ನಾನೂ ನಿನ್ನ ಸವತಿಯೂ ಕ್ಷೇಮ’ ಎಂದು ಅವನು ಫೋನಿನಲ್ಲಿ ತಮಾಷೆ ಮಾಡುತ್ತಿದ್ದ.

“ಹಾಗಾದ್ರೆ ಅಸಲಿ ಎಲ್ಲಿ?”

“ಅಪ್ಪ ಹೋಗಿ ಆರು ವರ್ಷ ಆಯ್ತು. ಮಾರಿದ್ರೋ, ಯಾರಿಗಾದ್ರೂ ಕೊಟ್ರೋ. ಭಾವನ್ನೇ ಕೇಳ್ಬೇಕು ನೀವು.”

“ಕೇಳ್ತೀನಿ” ಅಂದಳು ಅವಳು.

ದಾರಿಯುದ್ದಕ್ಕೂ ಬಾಸಿನ ಪೆಟ್ಟಿಗೆ ಕೈ ಜಗ್ಗುತ್ತಿತ್ತು. ಮಾರಿದ್ದರೆ ಹೇಳಬಹುದಿತ್ತು. ಅವಳು ಬೇಡವೆನ್ನುತ್ತಿರಲಿಲ್ಲ, ಪೀಡೆ ತೊಲಗಿತು ಎನ್ನುತ್ತಿದ್ದಳು. ಹೇಳಲಾಗದ ಜಾಗಕ್ಕೇ ಹೋಗಿರಬೇಕು. ತನ್ನ ಸಿಟ್ಟನ್ನೂ ಅಳತೆ ತೆಗೆದು, ಕೆತ್ತಿಸಿ, ಬಣ್ಣ ಬಳಿಸಿ ತಂದಿಟ್ಟಿದ್ದ ಮನುಷ್ಯ. ಸವತಿ ಯಾವಾಗಲೋ ಮನೆ ಬಿಟ್ಟಿದ್ದಳು. ಇಷ್ಟು ವರ್ಷ ತಾನು ಹೊಟ್ಟೆಕಿಚ್ಚುಪಟ್ಟದ್ದು ಬರಿಯ ಮರದ ತುಂಡಿನ ಮೇಲೆ.

ಪೆಟ್ಟಿಗೆ ಕಂಡದ್ದೇ ಹೊದಿಕೆಯ ಮೇಲೆ ಅವನ ಎಡಗೈ ಬೆರಳುಗಳು ಆಡತೊಡಗಿದವು. ಅವಳು ದಿಂಬು ಸರಿಮಾಡಿ, ಎಂದಿನಂತೆ ಬಾಸನ್ನು ತೊಡೆಯ ಮೇಲಿಟ್ಟು ಸ್ಪೀಕರಿಗೆ ಸಿಕ್ಕಿಸಿದಳು. ಅವನು ಎರಡನೆಯ ತಂತಿಯನ್ನು ಒತ್ತಿ ಹಿಡಿದು ಅವಳ ಮುಖ ನೋಡಿದ.

“ಅಸಲಿ ಎಲ್ಲಿದೆ?”

ಅವನ ಬೆರಳು ತಂತಿಯ ಮೇಲೆ ಹಾಗೇ ನಿಂತಿತು. ಆಮೇಲೆ ಕೈ ಅಲ್ಲಿಂದ ಎದ್ದು, ಬಾಸಿನ ಮೈಗೆ ಅಡ್ಡವಾಗಿ ನಿಧಾನ ಸರಿದು ಬಂದು, ಗುಳಿಯನ್ನು ಮುಚ್ಚಿತು. ಅವನ ಕಣ್ಣಿಂದ ನೀರಿಳಿಯಿತು. ಆದರೆ ಬಿದ್ದ ದಿನದಿಂದ ಅವನ ಕಣ್ಣಲ್ಲಿ ನೀರು ಬರಲು ಕಾರಣವೇ ಬೇಕಿರಲಿಲ್ಲ. ಹಾಲು ತಡವಾದರೂ ಬರುತ್ತಿತ್ತು, ನೊಣ ಕೂತರೂ ಬರುತ್ತಿತ್ತು. ಯಾವುದು ಅಳು, ಯಾವುದು ಕಾಯಿಲೆ ಎಂದು ಭೂತಗನ್ನಡಿ ಹಿಡಿದು ಹೇಳುವವರು ಯಾರೂ ಇರಲಿಲ್ಲ.

ಅವನು ಮತ್ತೆ ಅದೇ ತಂತಿಯನ್ನು ಒತ್ತಿ ಕಾದ.

ಅವಳ ಕೈ ಮಡಿಲಲ್ಲೇ ಇತ್ತು. ಸ್ಪೀಕರ್ ಮಾತ್ರ ಗುಂಯ್‌ಗುಡುತ್ತಿತ್ತು.