ದಿನಕ್ಕೊಂದು ಹಳದಿ ಎಳೆ

ನಾನು ಒಂದು ಲಾಳಿ. ಒಂದೂವರೆ ಗೇಣು ಉದ್ದ, ಎರಡು ತುದಿಗೂ ಕಬ್ಬಿಣದ ಮೊನೆ, ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ. ಮಗ್ಗದ ಎಳೆಗಳ ನಡುವೆ ಅತ್ತಿಂದಿತ್ತ ಓಡುವುದು ನನ್ನ ಕೆಲಸ. ಉಡುಪಿಯ ಹತ್ತಿರದ ಆಚಾರಿಯೊಬ್ಬರು ಬೀಟೆಯ ತುಂಡಿನಿಂದ ನನ್ನನ್ನು ಕೆತ್ತಿದರು. ಕೊಂಡವರು ನೇಕಾರ ದೂಮಪ್ಪ ಶೆಟ್ಟಿಗಾರರು. ಮನೆಗೆ ತಂದವರೇ ನನ್ನನ್ನು ವೀರಭದ್ರ ದೇವರ ಮುಂದಿಟ್ಟು ಕೈಮುಗಿದರು; ಅರಸಿನದಲ್ಲಿ ಅದ್ದಿದ ನೂಲನ್ನು ಹೊಟ್ಟೆಗೆ ಹಾಕಿ ಒಮ್ಮೆ ಓಡಿಸಿದರು.

"ದಿನದ ಮೊದಲ ಎಳೆ ದೇವರದ್ದು. ಮತ್ತಿನದ್ದು ನಮ್ಮದು" ಎಂದರು.

ಈ ಕ್ರಮ ಇಪ್ಪತ್ತು ವರ್ಷ ತಪ್ಪಲಿಲ್ಲ. ಅವರು ತೀರಿಕೊಂಡ ಮೇಲೆ ಹೆಂಡತಿ ಸಂಜೀವಿ ನನ್ನನ್ನು ಎತ್ತಿಕೊಂಡಳು. ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆಗೇ ಹೋಗುತ್ತಿತ್ತು. ಹಳದಿ ಎಳೆ ಹಾಕಿದಳು, ಮತ್ತೆ ಬಿಳಿಯ ಎಳೆ, ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಗಳ ಮೇಲೆ ನಿಂತಿತ್ತು. ದೇವರು ಕೈಗೆ ಕೆಲಸ ಕೊಟ್ಟು ಮನಸ್ಸನ್ನು ಕಾಯುತ್ತಾನೆಂದು ನಾನು ಅಂದು ಕಂಡೆ.

ಕೆಲವು ವರ್ಷ ಕಳೆದು ನಮ್ಮ ನೇಕಾರರ ಸಂಘಕ್ಕೆ ಹೊರದೇಶದಿಂದ ಅಂಗಿಗಳಿಗೆ ಬೇಡಿಕೆ ಬಂತು. ಬಡ ದೇಶಗಳ ಬಟ್ಟೆಗೆ ಅಲ್ಲಿಯವರು ಸುಂಕದಲ್ಲಿ ರಿಯಾಯಿತಿ ಕೊಡುತ್ತಿದ್ದರು. ಕೈಮಗ್ಗದ್ದಾದರೆ ಸುಂಕವೇ ಇಲ್ಲ. ಆದರೆ ನಮ್ಮ ಸರಕಾರದ ಅಧಿಕಾರಿಯೊಬ್ಬರು ಬಂದು ನೋಡಿ, ಕೈಮಗ್ಗದ್ದೇ ಎಂದು ಪತ್ರಕ್ಕೆ ಮೊಹರು ಒತ್ತಬೇಕು. ಮೊಹರಿಲ್ಲದಿದ್ದರೆ ಕೊಳ್ಳುವವನು ಮಾಲು ಮುಟ್ಟುವುದಿಲ್ಲ. ಸಂಘದ ಹನ್ನೆರಡು ಮಗ್ಗಗಳೂ ನಿಂತುಹೋಗುತ್ತವೆ.

ಸಂಘದ ಕಾರ್ಯದರ್ಶಿ ಜನಾರ್ದನಣ್ಣ ಓಡಿ ಬಂದರು.

"ಸಂಜೀವಕ್ಕ, ಆ ಹಳದಿ ಎಳೆ ಈ ಸಲ ಬೇಡ ಮಾರಾಯ್ರೆ. ಬಟ್ಟೆಯಲ್ಲಿ ದೋಷ ಉಂಟು ಅಂತ ವಾಪಸ್ ಕಳಿಸಿಬಿಟ್ಟಾರು."

"ದೇವರಿಗೆ ರಜೆ ಕೊಡ್ಲಿಕ್ಕೆ ನಾನು ಯಾರು ಜನಾರ್ದನಣ್ಣ?"

ಅವರ ಎದುರು ನಕ್ಕಳು. ಅವರ ಬೆನ್ನ ಹಿಂದೆ ದಿನವೂ ಹಳದಿ ಎಳೆ ಹಾಕಿದಳು. ಅಂಗಿ ಹೊಲಿಯುವವಳ ಕಿವಿಯಲ್ಲಿ, "ಹಳದಿ ಬಂದ ಕಡೆ ಒಳಗೆ ಮಡಚಿ ಹೊಲಿ ಮಾರಾಯ್ತಿ" ಎಂದು ಹೇಳಿಟ್ಟಳು.

ಮೊಹರು ಹಿಡಿದು ಬಂದವರು ಹಾವನೂರ ಸಾಹೇಬರು, ಧಾರವಾಡ ಕಡೆಯವರು. ಹನ್ನೊಂದು ಮಗ್ಗದ ಬಟ್ಟೆ ಒಪ್ಪಿದರು. ಸಂಜೀವಿಯ ಬಟ್ಟೆಯ ಅಂಗಿಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ಇಷ್ಟ ಸಮಾ ನೇಯಾಕ ಮನಷ್ಯಾರ ಕೈಲೆ ಆಗತೈತೇನ್ರಿ? ಮಷೀನಿಂದು ತಂದು ಸೇರಿಸೀರಿ. ಒಂದರಾಗ ಮೋಸ ಇದ್ರ ಯಾವುದಕ್ಕೂ ಮೊಹರಿಲ್ಲ."

"ಚೆಂದ ನೇಯ್ದದ್ದೇ ತಪ್ಪಾಯ್ತಾ?" ಎಂದಳು ಸಂಜೀವಿ. ಧ್ವನಿ ಸಣ್ಣಗಾಗಿತ್ತು. ಹನ್ನೆರಡು ಮನೆಯ ಅನ್ನ ಅವಳ ಕೈಚಳಕದಿಂದಲೇ ಹೋಗುವ ಹಾಗಿತ್ತು.

ಸಾಹೇಬರು ಅಂಗಿಯ ಒಳಮಗ್ಗುಲು ತಿರುಗಿಸಿದರು. ಮಡಿಕೆಯೊಳಗೆ ಹಳದಿ ಗೆರೆ.

"ಇದೇನ್ರಿ?"

ಜನಾರ್ದನಣ್ಣ ಹಣೆ ಹಣೆ ಬಡಿದುಕೊಂಡರು. ಸಂಜೀವಿ ಮುಂದೆ ಬಂದಳು. "ತಪ್ಪು ನನ್ನದೇ. ಇವರು ಬೇಡ ಅಂತಲೇ ಹೇಳಿದ್ರು. ದಿನಾ ಬೆಳಿಗ್ಗೆ ಮೊದಲ ಎಳೆ ದೇವರದ್ದು."

"ದಿನಾ? ಅಂದ್ರ ಒಂದು ಹಳದಿಯಿಂದ ಇನ್ನೊಂದು ಹಳದಿಗೆ ಒಂದು ದಿನದ ಕೆಲಸಾ?"

"ಹೌದು."

ಕತ್ತರಿಸದೆ ಉಳಿದಿದ್ದ ಬಟ್ಟೆ ತರಿಸಿ ನೆಲದ ಮೇಲೆ ಹಾಸಿ, ಸಾಹೇಬರು ಮಂಡಿಯೂರಿ ಅಳೆಯತೊಡಗಿದರು. ಎಂಟು ಮೊಳ. ಎಂಟಕ್ಕೆ ಒಂದು ಗೇಣು ಕಡಿಮೆ. ಮತ್ತೆ ಎಂಟು. ಆಮೇಲೆ ಹತ್ತು!

"ಇಲ್ಲಿ ಯಾಕ ಹೆಚ್ಚಾತು?"

"ಮಗಳಿಗೆ ಹೆಣ್ಣು ಮಗು ಆಯ್ತು ಅಂತ ಆ ದಿನ ಫೋನು ಬಂತು. ಕೈಕಾಲು ನಿಲ್ಲಲೇ ಇಲ್ಲ."

ಮುಂದಿನ ಹಳದಿಗೆ ಬರೀ ಎರಡು ಮೊಳ.

"ಮತ್ತ ಇಲ್ಲಿ?"

ಸಂಜೀವಿ ಆ ಎರಡು ಮೊಳದ ಮೇಲೆ ಕೈಯಾಡಿಸಿದಳು. "ನಮ್ಮವರ ತಿಥಿ. ಬೆಳಿಗ್ಗೆ ದೇವರ ಎಳೆ ಹಾಕಿ ಎದ್ದದ್ದು, ಮತ್ತೆ ಕೂತದ್ದು ಸಂಜೆಗೆ."

ಸಾಹೇಬರು ಎದ್ದರು. ಮಂಡಿಯ ಧೂಳು ಕೊಡವಿದರು.

"ಮಷೀನು ತಿಥಿ ಮಾಡೂದಿಲ್ಲವ್ವಾ" ಎಂದು ಮೊಹರು ಒತ್ತಿಬಿಟ್ಟರು.

ಅಂದು ಮಗ್ಗದ ಮನೆಯಲ್ಲಿ ಎಂಥ ಸಂಭ್ರಮ! ಚಾ ಬಂತು, ಗೋಳಿಬಜೆ ಬಂತು. ಸಾಹೇಬರಿಗೂ ಹುಮ್ಮಸ್ಸು ಬಂದು, "ನಾನೂ ಒಂದು ಎಳಿ ಹಾಕ್ತೀನಿ" ಎಂದು ಮಗ್ಗಕ್ಕೆ ಕೂತು ಹಗ್ಗ ಜಗ್ಗಿದರು. ನಾನು ಮಗ್ಗ ಬಿಟ್ಟು ಹಾರಿ ನೂಲಿಗೆ ಹಚ್ಚುವ ಗಂಜಿಯ ಪಾತ್ರೆಗೆ ಬಿದ್ದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ದೂಮಪ್ಪ ಹೋದ ಮೇಲೆ ಸಂಜೀವಿ ಹಾಗೆ ನಕ್ಕದ್ದು ಅದೇ ಮೊದಲು. ಮೈಯೆಲ್ಲ ಗಂಜಿಯಾಗಿದ್ದರೂ ನಾನು ಧನ್ಯನಾದೆ.

ಮುಂದಿನ ಬೇಡಿಕೆಯ ಜೊತೆ, ಒಳಗಿನ ಗೆರೆ ಕಂಡು ಮೆಚ್ಚಿದ ಹೊರದೇಶದವರ ಒಂದು ಮಾತು ಬಂತು: ಹಳದಿ ಗೆರೆ ಹೊರಗೆ ಕಾಣುವಂತಿರಲಿ.

ವರ್ಷಗಳು ಉರುಳಿದವು. ಒಂದು ದಿನ ಜನಾರ್ದನಣ್ಣ ಕಾಗದ ಓದಿ ಹೇಳಿದರು. "ನಮ್ಮ ದೇಶ ಈಗ ಬಡ ದೇಶ ಅಲ್ಲವಂತೆ. ಇನ್ನು ಸುಂಕದ ರಿಯಾಯಿತಿ ಇಲ್ಲ."

"ಬಡತನ ಹೋಯ್ತಾ? ಎಷ್ಟು ಹೊತ್ತಿಗೆ ಹೋಯ್ತು ಮಾರಾಯ್ರೆ? ನನಗೆ ಒಂದು ಮಾತು ಹೇಳ್ಲಿಲ್ಲ!" ಎಂದಳು ಸಂಜೀವಿ. ಮಗ್ಗದ ಮನೆ ಮತ್ತೆ ನಕ್ಕಿತು. ಬೇಡಿಕೆ ಅರ್ಧಕ್ಕಿಳಿಯಿತು, ನಿಲ್ಲಲಿಲ್ಲ. ಸುಂಕ ಕಟ್ಟಿಯಾದರೂ ಹಳದಿ ಗೆರೆಯ ಅಂಗಿಯೇ ಬೇಕೆನ್ನುವವರು ಅಲ್ಲಿ ಉಳಿದಿದ್ದರು.

ಈಗ ನನ್ನ ಮೊನೆ ಸವೆದಿದೆ. ವೇಗವಾಗಿ ಓಡಿದರೆ ನೂಲು ಹರಿಯುತ್ತದೆ. ಹೊಸ ಲಾಳಿ ಬಂದಿದೆ. ದಿನವಿಡೀ ಅದೇ ಓಡುತ್ತದೆ. ನಾನು ವೀರಭದ್ರ ದೇವರ ದೀಪದ ಪಕ್ಕದಲ್ಲಿ, ದೂಮಪ್ಪನವರ ಪಟದ ಕೆಳಗೆ ಇದ್ದೇನೆ. ಆದರೆ ಬೆಳಿಗ್ಗೆ ಸಂಜೀವಿ ನನ್ನನ್ನೇ ಎತ್ತಿ, ಅರಸಿನದ ನೂಲು ಹಾಕಿ, ಎಳೆಗಳ ನಡುವೆ ಕೈಯಿಂದ ಮೆಲ್ಲಗೆ ದಾಟಿಸುತ್ತಾಳೆ. ದಿನಕ್ಕೆ ಒಂದೇ ಎಳೆ. ಆಮೇಲೆ ಮತ್ತೆ ದೀಪದ ಪಕ್ಕ ಬಂದು ಕೂರುತ್ತೇನೆ. ನಾಳೆಯ ಬೆಳಗನ್ನು ಕಾಯುತ್ತೇನೆ.