ಐದನೆಯವನ ಹೆಸರು

"ಎರಡೇ ವರ್ಷ ಆಡಿದವನನ್ನು ರಾಜ್ಯದ ಐವರು ಶ್ರೇಷ್ಠರಲ್ಲಿ ಹೇಗೆ ಮಾರಾಯ ಸೇರಿಸುವುದು?" ಎಂದು ಶೋಧನ್ ಮಾಸ್ಟ್ರು ಕೇಳಿದ್ದೇ ತಡ, ಅಬ್ದುಲ್ ನಾಸಿರ್ ಕೈಯಲ್ಲಿದ್ದ ಚಹಾದ ಗ್ಲಾಸನ್ನು ಮೇಜಿಗೆ ಕುಕ್ಕಿದ. ಫರಂಗಿಪೇಟೆಯ ಅವನ ಟೈಲ್ಸ್ ಅಂಗಡಿಯಲ್ಲಿ ಈ ಜಗಳ ಶುರುವಾಗಿ ಒಂದು ವಾರವಾಗಿತ್ತು. ಮೂಡುಬಿದಿರೆಯ ಹೊಸ ಬಾಸ್ಕೆಟ್‌ಬಾಲ್ ಕೋರ್ಟಿನ ಗೋಡೆಯ ಮೇಲೆ ಕರ್ನಾಟಕದ ಐವರು ಶ್ರೇಷ್ಠ ಆಟಗಾರರ ಚಿತ್ರ ಬರೆಸಬೇಕು, ಉದ್ಘಾಟನೆಗೆ ಅವರನ್ನು ಕರೆಸಬೇಕು ಎಂದು ಕ್ಲಬ್ಬಿನವರು ತೀರ್ಮಾನಿಸಿ, ಆಯ್ಕೆಯನ್ನು ಈ ಇಬ್ಬರು ಹಳೆಯ ಆಟಗಾರರ ತಲೆಗೆ ಕಟ್ಟಿದ್ದರು. ಕಟ್ಟಿದವರಿಗೆ ಬುದ್ಧಿ ಇರಲಿಲ್ಲ ಬಿಡಿ. ಒಂದೇ ತಂಡದಲ್ಲಿ ಆಡಿದ ಇವರು ಒಂದೇ ಒಂದು ಮಾತಿಗೂ ಒಟ್ಟಿಗೆ ತಲೆಯಾಡಿಸಿದವರಲ್ಲ.

ನಾಲ್ಕು ಹೆಸರು ಹೇಗೋ ಇತ್ಯರ್ಥವಾಗಿದ್ದವು. ರೈಲ್ವೆಗೆ ಆಡಿದ ಬೆಂಗಳೂರಿನ ಎತ್ತರದ ಮನುಷ್ಯ, ತೀರಿಕೊಂಡ ಮಂಡ್ಯದ ಎಡಗೈ ಆಟಗಾರ, ಮೈಸೂರಿನ ಒಬ್ಬರು, ಧಾರವಾಡದ ಒಬ್ಬ ಹೆಂಗಸು. ಹೆಂಗಸರ ಪಟ್ಟಿ ಬೇರೆ ಮಾಡುವ ಎಂದು ಶೋಧನ್ ಮಾಸ್ಟ್ರು ರಾಗ ಎಳೆದಾಗ, ರಿಂಗಿನ ಎತ್ತರ ಇಬ್ಬರಿಗೂ ಒಂದೇ ಅಲ್ಲವಾ ಎಂದು ನಾಸಿರ್ ಬಾಯಿ ಮುಚ್ಚಿಸಿದ್ದ. ಸಿಕ್ಕಿಹಾಕಿಕೊಂಡದ್ದು ಐದನೆಯದು. ಮಾಸ್ಟ್ರದ್ದು ಭದ್ರಾವತಿಯ ಒಬ್ಬ ಹಿರಿಯ, ಎದೆ ತುಂಬ ಪದಕ. ನಾಸಿರನದ್ದು ಶಿರ್ತಾಡಿಯ ಉಜ್ವಲ್.

ಉಜ್ವಲನ ಆಟ ನೋಡಿದವರಿಗೆ ಪದಕ ಎಣಿಸಬೇಕೆಂದು ಅನಿಸುವುದಿಲ್ಲ. ಅಷ್ಟುದ್ದದ ಹುಡುಗ, ಆದರೆ ಓಡಿದರೆ ಸದ್ದೇ ಇಲ್ಲ. ಚೆಂಡು ನಾಸಿರನ ಕೈಯಲ್ಲಿರುತ್ತಿತ್ತು, ಉಜ್ವಲ್ ಎಲ್ಲೋ ಮೂಲೆಯಲ್ಲಿ ನಿದ್ದೆ ಬಂದವನಂತೆ ನಿಂತಿರುತ್ತಿದ್ದ. "ಉಳಾಯಿ ಬಲ" ಎಂದು ನಾಸಿರ್ ತುಳುವಿನಲ್ಲಿ ಕೂಗಬೇಕು, ಒಳಗೆ ಬಾ ಎಂದು. ಹೊರರಾಜ್ಯದ ತಂಡಗಳಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ತಿಳಿಯುವಷ್ಟರಲ್ಲಿ ಉಜ್ವಲ್ ರಿಂಗಿನ ಕೆಳಗಿರುತ್ತಿದ್ದ.

"ಸರಿ, ನೀನು ಹೇಳಿದ ಹಾಗೇ ಆಗಲಿ," ಎಂದರು ಕೊನೆಗೆ ಮಾಸ್ಟ್ರು, ಸ್ವರ ತಗ್ಗಿಸಿ. "ಚಿತ್ರದ ಕೆಳಗೆ ಎಂತ ಬರೆಸುವುದು? ಮಂಡ್ಯದವರ ಹೆಸರಿನ ಮೊದಲು 'ದಿ.' ಹಾಕ್ತೇವೆ. ಇವನಿಗೆ?"

ನಾಸಿರ್ ಹೊಳೆಯ ಕಡೆ ನೋಡಿದ. ಹತ್ತು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ, ಇದೇ ಫರಂಗಿಪೇಟೆಯ ಕೆಳಗೆ ನೇತ್ರಾವತಿಯ ದಡದಲ್ಲಿ ಉಜ್ವಲನ ಶೂ ಮತ್ತು ಅಂಗಿ ಸಿಕ್ಕಿದ್ದವು. ಹೊಳೆ ತುಂಬಿ ಹರಿಯುತ್ತಿತ್ತು. ಹೆಣ ಸಿಗಲಿಲ್ಲ. ಊರೆಲ್ಲ ಅವನು ಹೋದ ಎಂದಿತು, ಅವನ ಅಕ್ಕ ನೀಲಾವತಿ ಒಬ್ಬಳನ್ನು ಬಿಟ್ಟು.

ಶಿರ್ತಾಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ನೀಲಾವತಿ ತಮ್ಮನ ಬೊಜ್ಜ ಮಾಡಲು ಬಿಡಲೇ ಇಲ್ಲ. ಸತ್ತವರ ಉತ್ತರಕ್ರಿಯೆಗೆ ಇಲ್ಲಿ ಬೊಜ್ಜ ಎನ್ನುತ್ತಾರೆ. ಬೊಜ್ಜದ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯವರು ಬಾಗಿಲಲ್ಲಿ ನಿಂತು, ಹೋದವರ ಹೆಸರು ಹಿಡಿದು ಮೂರು ಸಲ ಒಳಗೆ ಕರೆಯಬೇಕು. ಆಮೇಲೆ ಅವರು ಹಿರಿಯರ ಜೊತೆ ಸೇರಿದರು ಎಂದು ಲೆಕ್ಕ. ಕರೆಯದಿದ್ದರೆ ಹೊರಗೇ ನಿಂತಿರುತ್ತಾರಂತೆ. ಅವಳ ಸೋದರಮಾವ ಅಣ್ಣು ಇದನ್ನು ಹೇಳಿ ಹೇಳಿ ಸೋತಿದ್ದರು. ಬದುಕಿರುವವನನ್ನು ಸತ್ತವನ ಹಾಗೆ ಕರೆಯಲಿಕ್ಕೆ ತನಗೇನು ಹುಚ್ಚಾ ಎಂದು ಅವಳು ಕೇಳುತ್ತಿದ್ದಳು. ಒಂದು ಸಲ ಕರೆದರೆ ಮುಗಿಯಿತು, ಆಮೇಲೆ ದಾರಿ ಕಾಯಲಿಕ್ಕೆ ಯಾರೂ ಉಳಿಯುವುದಿಲ್ಲ ಎಂಬುದು ಅವಳ ಹೆದರಿಕೆ. ಅದು ಅಣ್ಣು ಮಾವನಿಗೂ ಗೊತ್ತಿತ್ತು.

ನಾಸಿರ್ ಬೈಕ್ ಹತ್ತಿ ಶಿರ್ತಾಡಿಗೆ ಹೋಗಿ ಕೇಳಿದ. ಚಿತ್ರ ಬರೆಸಿ, ಹೆಸರೂ ಬರೆಸಿ ಎಂದಳು ನೀಲಾವತಿ, ಹೊಲಿಗೆಯಿಂದ ಕಣ್ಣೆತ್ತದೆ. 'ದಿ.' ಹಾಕಿದರೆ ಮಾತ್ರ ತಾನೇ ಬಂದು ಸುಣ್ಣ ಬಳಿಯುವುದಾಗಿಯೂ ಹೇಳಿದಳು. ಕಾರ್ಯಕ್ರಮಕ್ಕೆ ಬರುತ್ತಾಳೆ, ಆದರೆ ತಮ್ಮನ ಬದಲಿಗೆ ಕೋರ್ಟಿಗೆ ಇಳಿಯುವುದಿಲ್ಲ.

"ಸತ್ತವರ ಬದಲಿಗೆ ಮನೆಯವರು ನಿಲ್ಲುವುದು ನಾಸಿರ್. ನೀನು ಹೆಸರು ಓದು, ಮುಂದೆ ಹೋಗು. ಅಷ್ಟು ಸಾಕು."

ಉದ್ಘಾಟನೆಯ ಸಂಜೆ ಭಾಷಣಗಳು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಭಾಷಣ ಎಂದರೆ ಗೊತ್ತಲ್ಲ, ಮೈಕ್ ಸಿಕ್ಕಿದವರು ಬಿಡುವುದುಂಟಾ? ಆಮೇಲೆ ನಾಸಿರ್ ಮೈಕ್ ಹಿಡಿದು, ಪಂದ್ಯಕ್ಕೆ ಮೊದಲು ಆಟಗಾರರನ್ನು ಕರೆಯುವ ಕ್ರಮದಲ್ಲೇ ಒಬ್ಬೊಬ್ಬರನ್ನು ಕರೆದ. ಬೆಂಗಳೂರಿನವರು ಕುಂಟುತ್ತ ಬಂದರು. ಮಂಡ್ಯದವರ ಬದಲಿಗೆ ಅವರ ಮಗ ಬಂದ. ಬಂದವರೆಲ್ಲ ಸಾಲಾಗಿ ನಿಂತು, ಮುಂದೆ ಬರುವವರ ಕೈಗೆ ಕೈ ತಟ್ಟಲು ಅಂಗೈ ಚಾಚಿದ್ದರು. ಸಾಲಿನ ತುದಿಯಲ್ಲಿ ಧಾರವಾಡದ ಹೆಂಗಸು.

"ಉಜ್ವಲ್, ಶಿರ್ತಾಡಿ."

ಚಪ್ಪಾಳೆ ಬಿತ್ತು, ನಿಂತಿತು. ನಾಸಿರ್ ಮುಂದೆ ಹೋಗಬೇಕಿತ್ತು. ಅವನಿಂದ ಆಗಲಿಲ್ಲ. ಯಾವ ಕೋರ್ಟಿನಲ್ಲಾದರೂ ಉಜ್ವಲ್ ನಿಲ್ಲುತ್ತಿದ್ದ ಮೂಲೆ ಕಣ್ಣೆದುರಿಗೇ ಇತ್ತು. ಅವನು ಮತ್ತೊಮ್ಮೆ ಉಜ್ವಲ್ ಎಂದ. ಆಮೇಲೆ ಮೈಕನ್ನು ಮರೆತವನಂತೆ, ಹಳೆಯ ಸ್ವರದಲ್ಲಿ, ತಾನು ಅದೆಷ್ಟೋ ಸಲ ಕೂಗಿದ್ದನ್ನೇ ಕೂಗಿದ.

"ಉಜ್ವಲಾ, ಉಳಾಯಿ ಬಲ."

ನಾಸಿರ್ ಕರಾವಳಿಯ ಬ್ಯಾರಿ ಮುಸಲ್ಮಾನ, ಅವನ ಮನೆಯಲ್ಲಿ ಈ ಕ್ರಮ ಇಲ್ಲ. ಅವನು ಕರೆದದ್ದು ರಿಂಗಿನ ಕೆಳಗೆ ಬಾ ಎಂದು. ಆದರೆ ಮುಸ್ಸಂಜೆಯಲ್ಲಿ ಹೆಸರು ಹಿಡಿದು ಮೂರು ಸಲ ಕರೆದು ಉಳಾಯಿ ಬಲ ಎಂದರೆ ಏನೆಂದು ಅಲ್ಲಿ ಕೂತಿದ್ದ ಮುಕ್ಕಾಲು ಪಾಲು ಜನಕ್ಕೆ ಗೊತ್ತಿತ್ತು. ಗೇಟಿನ ಹತ್ತಿರದ ಹೆಂಗಸೊಬ್ಬಳು ದಾರಿಯಲ್ಲಿ ಆಡುತ್ತಿದ್ದ ಮಗುವನ್ನು ಸರಕ್ಕನೆ ಮಡಿಲಿಗೆ ಎಳೆದುಕೊಂಡಳು. ಕುರ್ಚಿಗಳ ನಡುವಿನ ದಾರಿಗೆ ಕಾಲು ಚಾಚಿ ಕೂತವರು, ಗೇಟಿನ ಕಡೆಯಿಂದ ಶುರುವಾಗಿ ಒಬ್ಬರ ನಂತರ ಒಬ್ಬರು ಕಾಲು ಒಳಗೆಳೆದುಕೊಂಡರು. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ತುಳು ಬಾರದ ಧಾರವಾಡದ ಹೆಂಗಸು ಮಾತ್ರ ನಗುತ್ತ ಕೈ ಚಾಚಿಯೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವರ ನಗು ಇಳಿಯಿತು. ಅವರು ಅಂಗೈಯನ್ನು ಒಮ್ಮೆ ನೋಡಿಕೊಂಡು, ಸೆರಗಿನೊಳಗೆ ಸೇರಿಸಿದರು.

ನೀಲಾವತಿ ಎದ್ದು ನಿಂತಿದ್ದಳು. "ಎಂತ ಮಾಡಿಬಿಟ್ಟೆ ನಾಸಿರ್," ಎಂದಳು. ಕೂಗಲಿಲ್ಲ. ಏನಾಯಿತೆಂದು ಶೋಧನ್ ಮಾಸ್ಟ್ರು ಕಿವಿಯಲ್ಲಿ ಹೇಳಿದ ಮೇಲೆ ನಾಸಿರ್ ಅವಳ ಹತ್ತಿರ ಓಡಿ ಬಂದ. ತನಗೆ ಗೊತ್ತಿರಲಿಲ್ಲ ನೀಲಕ್ಕ, ಅಲ್ಲಾನ ಆಣೆ ಗೊತ್ತಿರಲಿಲ್ಲ ಎಂದು ಅವನು ಅತ್ತ. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು. ಅಣ್ಣು ಮಾವ ಬಂದು ಅವಳ ರಟ್ಟೆ ಹಿಡಿದರು.

"ಕರೆದಾಯಿತು ನೀಲಾ. ಯಾರು ಕರೆದರೂ ಕರೆದ ಹಾಗೇ. ಇನ್ನು ಅವನನ್ನು ಹೊರಗೆ ನಿಲ್ಲಿಸಬೇಡ."

ಶಿರ್ತಾಡಿಗೆ ರಿಕ್ಷಾದಲ್ಲಿ ಹೋದರು. ಅಣ್ಣು ಮಾವ ಹಿಂದೆ ಕೂರಲು ಹೋದರೆ ನೀಲಾವತಿ ಬೇಡ ಎಂದಳು. ಅವರು ಡ್ರೈವರನ ಪಕ್ಕದಲ್ಲಿ ಮುದುಡಿ ಕೂತರು. ದಾರಿಯುದ್ದಕ್ಕೂ ಅವಳು ಸೀಟಿನ ಒಂದು ಬದಿಗೆ ಒತ್ತಿಕೊಂಡೇ ಇದ್ದಳು.

ಮನೆಯ ಜಗಲಿಯಲ್ಲಿ, ಮೆಟ್ಟಿಲಿಗೂ ಬಾಗಿಲಿಗೂ ನಡುವೆ ಅಡ್ಡ ಕಟ್ಟಿದ್ದ ಹಗ್ಗದ ಮೇಲೆ ಬೆಳಿಗ್ಗೆ ಒಗೆದು ಹಾಕಿದ್ದ ಬಟ್ಟೆಗಳು ಹಾಗೆಯೇ ಇದ್ದವು. ನೀಲಾವತಿ ಬಾಗಿಲು ತೆಗೆದಳು, ಒಳಗೆ ಹೋಗಲಿಲ್ಲ. ಅಣ್ಣು ಮಾವ ಮೆಟ್ಟಿಲು ಹತ್ತಲು ಕಾಲೆತ್ತಿದರೆ, "ತಡೆಯಿರಿ ಮಾವ," ಎಂದಳು. ಹಗ್ಗದ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಅದನ್ನು ಹಿಡಿದು, ತುದಿಗಾಲಲ್ಲಿ ನಿಂತು, ತನ್ನಿಂದ ಆದಷ್ಟು ಮೇಲಕ್ಕೆ ಎತ್ತಿದಳು. ಅಣ್ಣು ಮಾವ ಗಿಡ್ಡ ಮನುಷ್ಯ, ಎತ್ತದಿದ್ದರೂ ಅವರ ತಲೆಗೆ ಆ ಹಗ್ಗ ತಾಗುತ್ತಿರಲಿಲ್ಲ. ಅವರು ಅಂಗಳದಲ್ಲೇ ನಿಂತರು. ಅವಳು ಕೈ ಸೋಲುವವರೆಗೂ ಹಗ್ಗವನ್ನು ಹಾಗೆಯೇ ಹಿಡಿದಿದ್ದಳು.