ಡೆಲ್ಮರನ ಕೊರಳಿಗೆ ನಾಯಿಯ ಕರೆಂಟ್ ಪಟ್ಟಿ

ನಮ್ಮ ಕೆಂಟಕಿ ಗುಡ್ಡಗಳಲ್ಲಿ ಬೇಟೆನಾಯಿ ಸಾಕಿದವರಿಗೆಲ್ಲ ಒಂದೇ ಗೋಳು. ರಕೂನ್ ಎಂಬ ಸಣ್ಣ ಕಾಡುಪ್ರಾಣಿಯನ್ನು ಹುಡುಕು ಎಂದು ಬಿಟ್ಟರೆ ನಾಯಿ ಜಿಂಕೆಯ ಹಿಂದೆ ಓಡುತ್ತದೆ. ನನ್ನ ಮೈದುನ ಡೆಲ್ಮರನ ನಾಯಿ ಸೂಕಿಯೂ ಹಾಗೆಯೇ. ಅದಕ್ಕೆ ಅವನೊಂದು ಕರೆಂಟ್ ಪಟ್ಟಿ ತಂದ. ರಿಮೋಟ್ ಒತ್ತಿದರೆ ಪಟ್ಟಿಯ ಎರಡು ಲೋಹದ ಮೊನೆಗಳು ಕೊರಳಿಗೆ ಶಾಕ್ ಕೊಡುತ್ತವೆ.

ಇಲ್ಲಿನ ಗಂಡಸರದ್ದೊಂದು ದರಿದ್ರ ಪದ್ಧತಿ. ನಾಯಿಗೆ ಹಾಕುವ ಮೊದಲು ತಾನು ಹಾಕಿಕೊಂಡು ಒಂದು ಶಾಕ್ ತಿನ್ನಬೇಕು. ಡೆಲ್ಮರ್ ಜಗಲಿಯ ಮೆಟ್ಟಿಲ ಮೇಲೆ ನಿಂತು ಪಟ್ಟಿ ಬಿಗಿದುಕೊಂಡ. ಎದೆಯೊಳಗೆ ಹೃದಯದ ಬಡಿತ ಕಾಯುವ ಪೇಸ್‌ಮೇಕರ್ ಕೂರಿಸಿ ಎರಡು ತಿಂಗಳೂ ಆಗಿರಲಿಲ್ಲ! ರಿಮೋಟನ್ನು ಹೆಂಡತಿ ಓಪಲ್ ಕೈಗೆ ಕೊಟ್ಟ.

"ಒತ್ತೇ."

"ನಾನೊತ್ತಲ್ಲ."

"ಮೂವತ್ತು ವರ್ಷದ ಸಿಟ್ಟಿದೆಯಲ್ಲ, ಇವತ್ತು ತೀರಿಸ್ಕೋ!"

ನಾನು ಬೈದೆ. ಕೇಳಲಿಲ್ಲ. ಅಷ್ಟರಲ್ಲಿ ಕ್ಲಿನಿಕ್ಕಿನ ನರ್ಸ್ ಲೊರೀನ್ ಅವನ ಬಿಪಿ ನೋಡಲು ಬಂದಳು. ಪಟ್ಟಿ ಕಂಡವಳೇ ರಿಮೋಟ್ ಕಸಿದುಕೊಂಡಳು.

"ಬಿಚ್ಚು ಅದನ್ನ. ಪೇಸ್‌ಮೇಕರ್ ಆ ಶಾಕನ್ನೇ ನಿನ್ನ ಎದೆಬಡಿತ ಅಂದ್ಕೊಂಡು ಸುಮ್ನಾಗ್ಬಿಟ್ರೆ?"

"ಪಕ್ಕದ್ಮನೆ ಹೋಬರ್ಟೂ ಹಾಕ್ಕೊಂಡಿದ್ನಲ್ಲ, ಸತ್ನಾ?"

"ಕತ್ತು ಸೆಟೆದು, ಉಸಿರು ಕಟ್ಟಿದಂಗಾಗಿ ಮೆಟ್ಟಿಲಿಂದ ಬಿದ್ದ. ಕೈ ಮುರೀತು. ನಿಂಗೆ ಹೇಳಿಲ್ವಾ?"

"ಹಸು ಒದೀತು ಅಂದಿದ್ನಲ್ಲ, ಕಳ್ಳ ನನ್ಮಗ!"

ಓಪಲ್‌ಗೂ ನಗು ಬಂತು. ಆದರೆ ಡೆಲ್ಮರ್ ಪಟ್ಟಿಯ ಮೇಲಿನ ಕೈ ತೆಗೆಯಲಿಲ್ಲ.

"ನಾನು ತಿನ್ನದ ನೋವನ್ನ ಸೂಕಿಗೆ ಕೊಡ್ಲಾ? ಅದು ನ್ಯಾಯಾನಾ?"

"ನ್ಯಾಯ ಬೇಕಾದ್ರೆ ಇಬ್ರಿಗೂ ಬೇಡ ಬಿಡು. ಬಹಳ ಹೊತ್ತು ಬಿಗಿದಿಟ್ರೆ ಅದರ ಕೊರಳೂ ಹುಣ್ಣಾಗುತ್ತೆ. ಉದ್ದ ಹಗ್ಗ ಕಟ್ಟಿ ಕರಿ, ಬಂದ್ರೆ ಮಾಂಸ ಕೊಡು. ನಿಧಾನ ಆಗುತ್ತೆ, ಆದ್ರೆ ಕಲಿಯುತ್ತೆ," ಎಂದಳು ಲೊರೀನ್.

ಡೆಲ್ಮರ್ ಸೂಕಿಯ ತಲೆ ಸವರಿದ. ಆಮೇಲೆ ಪಟ್ಟಿ ಬಿಚ್ಚಿ ಲೊರೀನ್ ಕೈಗಿಟ್ಟ. ಓಪಲ್ ಆಗಲೇ ಮೆಟ್ಟಿಲಿಳಿದಿದ್ದಳು.

"ಇಷ್ಟೊತ್ತೂ ಉಸಿರು ಬಿಗಿಹಿಡ್ಕೊಂಡಿದ್ದೆ ಕಣೋ. ಹಗ್ಗ ನಾನೇ ತರ್ತೀನಿ."

ಓದುವವರೇ, ನೇರವಾಗಿ ಹೇಳುತ್ತೇನೆ. ಪಂಥಕ್ಕಾಗಲಿ, ತಮಾಷೆಗಾಗಲಿ, ಪರೀಕ್ಷೆಗಾಗಲಿ ಕರೆಂಟ್ ಪಟ್ಟಿಯನ್ನು ಮನುಷ್ಯರ ಕೊರಳಿಗೆ ಹಾಕಬೇಡಿ. ಹೃದಯದ ತೊಂದರೆಯೋ ಮೂರ್ಛೆರೋಗವೋ ಇದ್ದರೆ, ಬಸುರಿಯಾಗಿದ್ದರೆ ಅದರ ಹತ್ತಿರವೂ ಹೋಗಬೇಡಿ. ಯಾರಾದರೂ ಹಾಕಿಕೊಂಡು ತಲೆ ಸುತ್ತಿತೆಂದರೆ, ಎದೆ ನೋವೆಂದರೆ ಪಟ್ಟಿ ಬಿಚ್ಚಿ ತಕ್ಷಣ ಆಂಬುಲೆನ್ಸ್ ಕರೆಯಿರಿ. ಗಂಡಸುತನ ತೋರಿಸಲೇಬೇಕೆಂದಿದ್ದರೆ, ಸೌದೆ ಒಡೆಯಿರಿ. ಮನೆಯವರಿಗೆ ಉಪಯೋಗವಾದರೂ ಆಗುತ್ತದೆ.